ಏಳನೇ ನಂಬರಿನ ಹುಂಜ

ಸಿಡ್ನಿಯ ಟೂಂಗಾಬಿಯಲ್ಲಿರುವ ಯಾದವ ಸುವರ್ಣರಿಗೆ ಫೋನ್ ಮಾಡಿ "ಹೇಗಿದ್ದೀರಿ?" ಎಂದು ಕೇಳುವವರು ಮೊದಲು ಒಂದು ಕುರ್ಚಿ ಎಳೆದುಕೊಂಡು ಕೂತಿರಬೇಕಾಗಿತ್ತು. "ಆರಾಮ ಉಂಟು ಮಾರಾಯ್ರೆ" ಎಂದು ಆರೋಗ್ಯದ ವಿಷಯವನ್ನು ಒಂದೇ ಉಸಿರಿನಲ್ಲಿ ಮುಗಿಸಿ, ಅವರು ನೇರವಾಗಿ ಪೆಲಿಕನ್ಸ್ ತಂಡದ ಏಳನೇ ನಂಬರಿನ ಅಂಗಿ ಯಾರ ಮೈಮೇಲಿರಬೇಕು ಎಂಬ ವಿಷಯಕ್ಕೆ ಬಂದುಬಿಡುತ್ತಿದ್ದರು. ಆಮೇಲೆ ಕೇಳಿದವರ ಪಾಡು ಕೇಳುವವರಿಲ್ಲ. ಒಮ್ಮೆ ಅವರ ಭಾವ ಉಡುಪಿಯಿಂದ ಮಗಳ ನಿಶ್ಚಿತಾರ್ಥದ ಸುದ್ದಿ ಹೇಳಲು ಫೋನ್ ಮಾಡಿದ್ದವರು, ಆ ಸುದ್ದಿ ಹೇಳದೆಯೇ ಫೋನ್ ಇಟ್ಟಿದ್ದರು.

ಯಾದವರ ಕೆಲಸ ಹಲ್ಲು ಮಾಡುವುದು. ವೆಸ್ಟ್‌ಮೀಡ್‌ನ ಒಂದು ಸಣ್ಣ ಲ್ಯಾಬಿನಲ್ಲಿ ಡೆಂಟಿಸ್ಟರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದರು. ತಮ್ಮ ಕೈಯ ಹಲ್ಲು ಹಾಕಿಕೊಂಡು ಅರ್ಧ ಬ್ಲ್ಯಾಕ್‌ಟೌನ್ ನಗುತ್ತಿದೆ ಎಂಬ ಹೆಮ್ಮೆ ಅವರಿಗಿತ್ತು. ವಾರದ ಐದು ದಿನ ತಣ್ಣಗೆ, ತಗ್ಗಿದ ತಲೆ ಎತ್ತದೆ ಕೆಲಸ ಮಾಡುವ ಈ ಮನುಷ್ಯನಿಗೆ ಶನಿವಾರ ಬಂತೆಂದರೆ ಮಾತ್ರ ಮೈಮೇಲೆ ಏನೋ ಬರುತ್ತಿತ್ತು.

ಅವರು ಸಿಡ್ನಿಗೆ ಬಂದ ಹೊಸತರಲ್ಲಿ ಬಾಡಿಗೆಗೆ ಹಿಡಿದ ಫ್ಲ್ಯಾಟಿನ ಹಿಂದೆಯೇ ಪೆಲಿಕನ್ಸ್ ಮೈದಾನವಿತ್ತು. ಒಂದು ಶನಿವಾರ ಈರುಳ್ಳಿ ಹುರಿಯುವ ಪರಿಮಳ ಕಿಟಕಿಯಿಂದ ಒಳಗೆ ಬಂತು. ಯಾರದೋ ಮನೆಯ ಸಮಾರಂಭ ಇರಬೇಕೆಂದು ಇಣುಕಲು ಹೋದವರು ಕತ್ತಲಾಗುವವರೆಗೆ ವಾಪಸು ಬರಲಿಲ್ಲ. ಅಲ್ಲಿ ಇಪ್ಪತ್ತಾರು ಜನ ಗಂಡಸರು ಒಂದು ಉದ್ದನೆಯ ಚೆಂಡಿಗಾಗಿ ಕೆಸರಿನಲ್ಲಿ ಹೊರಳಾಡುತ್ತಿದ್ದರು. ಇದು ರಗ್ಬಿ ಲೀಗ್. ಚೆಂಡನ್ನು ಎತ್ತಿಕೊಂಡು ಓಡಬಹುದು, ಒದೆಯಬಹುದು, ಹಿಂದಕ್ಕೆ ಎಸೆಯಬಹುದು, ಮುಂದಕ್ಕೆ ಎಸೆಯುವಂತಿಲ್ಲ. ಆ ಚೆಂಡು ಯಾರಿಗೆ ಹೋಗಬೇಕು, ಯಾವಾಗ ಒದೆಯಬೇಕು ಎಂದು ಎಲ್ಲರಿಗೂ ಅಪ್ಪಣೆ ಕೊಡುವವನು ಏಳನೇ ನಂಬರಿನವನು. ಅಮೆರಿಕದವರ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಗತ್ತು, ಅದೇ ಬೈಗುಳ. ಗೆದ್ದರೆ ಹದಿಮೂರು ಜನ ಗೆದ್ದರು, ಸೋತರೆ ಏಳನೇ ನಂಬರಿನವನು ಸೋತ.

ಯಾದವರಿಗೆ ಅದನ್ನು ನೋಡಿ ತಮ್ಮ ದೊಡ್ಡಮಾವ ನೆನಪಾದರು. ಕಟಪಾಡಿ ಕಡೆಯ ಆ ಸೋದರಮಾವ ಕೋಳಿ ಅಂಕದ, ಎಂದರೆ ಹುಂಜಗಳ ಕಾಳಗದ, ದೊಡ್ಡ ಆಸಾಮಿ. ಹುಂಜಕ್ಕೆ ಬಾದಾಮಿ ತಿನ್ನಿಸಿ, ಮನೆಯ ಮಕ್ಕಳಿಗೆ ಗಂಜಿ ಕುಡಿಸುತ್ತಿದ್ದವರು. ಅವರಿಗೆ ಕೋಳಿ ಪಂಚಾಂಗ ಬಾಯಿಪಾಠ. ಯಾವ ನಕ್ಷತ್ರದ ದಿನ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಶಾಸ್ತ್ರ ಅದು. ಇವತ್ತು ಕೆಂಪಿನದು, ನಾಳೆ ಬಿಳಿಯದು, ನಾಡಿದ್ದು ಮಧ್ಯಾಹ್ನದವರೆಗೆ ಕಪ್ಪು, ಆಮೇಲೆ ಬೂದು. ಶಾಲೆಯ ಮಗ್ಗಿ ನೆಟ್ಟಗೆ ಬಾರದ ಯಾದವರು ಇದನ್ನು ಮಾತ್ರ ಮಾವನ ಬೆನ್ನ ಹಿಂದೆ ತಿರುಗಿ ತಿರುಗಿ ಅರೆದು ಕುಡಿದಿದ್ದರು.

ಈ ವಿದ್ಯೆ ಹದಿನಾಲ್ಕು ವರ್ಷ ಸಿಡ್ನಿಯಲ್ಲಿ ಉಪಯೋಗಕ್ಕೆ ಬಾರದೆ ಬಿದ್ದಿತ್ತು. ಎರಡು ಸಾವಿರದ ಆರನೇ ಇಸವಿಯ ಸೀಸನ್ನಿಗೆ ಅದರ ಕಾಲ ಬಂತು. ಆ ವರ್ಷ ಪೆಲಿಕನ್ಸ್‌ಗೆ ಇಬ್ಬರು ಏಳನೇ ನಂಬರಿನವರು ಗಂಟುಬಿದ್ದರು. ಒಬ್ಬ ಡೂಲನ್, ಮೂವತ್ತು ದಾಟಿದವನು, ಮೊಣಕಾಲಿಗೆ ಎರಡು ಆಪರೇಷನ್ ಆದವನು, ತಲೆ ತುಂಬ ಬೆಂಕಿಯಂಥ ಕೆಂಪು ಕೂದಲು. ಇನ್ನೊಬ್ಬ ಟ್ರಾವಿಸ್; ಮೀಸೆ ಸರಿಯಾಗಿ ಮೂಡದ ಹುಡುಗ, ಜಿಂಕೆಯ ಕಾಲು, ಬೆಳ್ಳಗೆ ಹೊಳೆಯುವ ಕೂದಲು. ಒಂದು ಕೆಂಪು, ಒಂದು ಬಿಳಿ. ಯಾದವರಿಗೆ ಇನ್ನೇನು ಬೇಕು? ಟೂಂಗಾಬಿಯ ಇಂಡಿಯನ್ ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರ್ ಫ್ರಿಜ್ಜಿನ ಬಾಗಿಲಲ್ಲಿ ನೇತಾಡುತ್ತಿತ್ತು. ಪ್ರತಿ ಶನಿವಾರ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ನಕ್ಷತ್ರ ನೋಡುವುದು, ಬೆರಳು ಎಣಿಸುವುದು, ನಂತರ ಮೂರ್ತಿಗೆ ಫೋನ್ ಮಾಡುವುದು.

ಮೂರ್ತಿ ಮೈಸೂರಿನವರು. ನಾಲ್ಕು ವರ್ಷದ ಹಿಂದೆ ಹೆಂಡತಿ ಸುಜಾತಾರೊಂದಿಗೆ ಬಂದು, ಎರಡು ರಸ್ತೆ ಆಚೆ ಮನೆ ಮಾಡಿದ್ದರು. ಕಂಪ್ಯೂಟರಿನಲ್ಲಿ ಅಂಕಿಅಂಶ ಜೋಡಿಸುವ ಕೆಲಸ. ಯಾದವರೇ ಒಮ್ಮೆ ಬಲವಂತ ಮಾಡಿ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಕೋಳಿಮೊಟ್ಟೆಯನ್ನೂ ಮುಟ್ಟದ ಮೂರ್ತಿಗೆ ಕೋಳಿ ಪಂಚಾಂಗದ ಮಾತೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಅವರದು ಲೆಕ್ಕಾಚಾರ. ಯಾರು ಎಷ್ಟು ಸಲ ಒದ್ದ, ಎಷ್ಟು ಮೀಟರ್ ಓಡಿದ, ಎಷ್ಟು ಸಲ ಚೆಂಡು ಕೈಬಿಟ್ಟ ಎಂದೆಲ್ಲ ಪ್ರಿಂಟ್ ತೆಗೆದು ತರುತ್ತಿದ್ದರು.

"ಇವತ್ತು ಬಿಳಿ ಮಾರಾಯ್ರೆ," ಎನ್ನುವರು ಯಾದವರು. "ಟ್ರಾವಿಸನ್ನೇ ಇಳಿಸ್ಬೇಕು. ಡೂಲನ್ ಇಳಿದ್ರೆ ಕತೆ ಮುಗೀತು ಅಂತ ಲೆಕ್ಕ."

"ರೀ, ಹೋದ ವಾರ ಡೂಲನ್ ಬಿಟ್ರೆ ಗತಿ ಇಲ್ಲ ಅಂತಿದ್ರಿ!"

"ಹೋದ ವಾರದ ನಕ್ಷತ್ರ ಬೇರೆ."

"ನಕ್ಷತ್ರ ಬಂದು ಚೆಂಡು ಒದೆಯುತ್ತೇನ್ರೀ? ನೋಡಿ, ನನ್ ಹತ್ರ ಫಿಗರ್ಸ್ ಇದೆ. ಡೂಲನ್‌ದು ಕಿಕಿಂಗ್ ಆವರೇಜ್ ಇವ್ನಿಗಿಂತ ಎಷ್ಟೋ ಮೇಲು."

"ನಿಮ್ಮ ಆವರೇಜ್ ತಗೊಂಡು ಉಪ್ಪಿನಕಾಯಿ ಹಾಕಿ."

ಹೀಗೆ ಶುರುವಾದದ್ದು ಮೈದಾನದ ಮೂರನೇ ಮೆಟ್ಟಿಲಿನ ಮೇಲೆ, ಆಟ ಮುಗಿದ ನಂತರ ಪಾರ್ಕಿಂಗಿನಲ್ಲಿ, ಅಲ್ಲಿಂದ ಯಾದವರ ಮನೆಯ ಊಟದ ಮೇಜಿನವರೆಗೂ ಮುಂದುವರಿಯುತ್ತಿತ್ತು. ಯಾದವರ ಹೆಂಡತಿ ಪ್ರಫುಲ್ಲಾ ಮೂರ್ತಿಗೆಂದೇ ಬೇರೆ ಬಾಣಲೆಯಲ್ಲಿ ಗೋಳಿಬಜೆ ಕರಿದು ತಂದಿಟ್ಟು, "ಇಬ್ರಿಗೂ ಒಂದೊಂದು ತುಂಡು ಬಾಯಿಗೆ ಹಾಕಿ. ಆಗ್ಲಾದ್ರೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿರ್ತದೆ" ಎನ್ನುತ್ತಿದ್ದರು. ಹೈಸ್ಕೂಲು ಓದುವ ಮಗಳು ಅಪೇಕ್ಷಾ ಕಿವಿಗೆ ವೈರು ಸಿಕ್ಕಿಸಿಕೊಂಡು, "ಯೂ ಗೈಸ್ ಆರ್ ಅನ್‌ಬಿಲೀವಬಲ್" ಎಂದು ಎದ್ದು ಹೋಗುತ್ತಿದ್ದಳು.

ತಮಾಷೆಯೆಂದರೆ ಆ ಸೀಸನ್ನಿನ ಮೊದಲ ಕೆಲವು ಪಂದ್ಯಗಳಲ್ಲಿ ಪಂಚಾಂಗ ಹೇಳಿದ್ದೇ ಆಯಿತು. ಮೆಟ್ಟಿಲಿನ ತುದಿಯಲ್ಲಿ ಕೂತು ಸದಾ ಉಣ್ಣೆ ಹೆಣೆಯುವ ಲೊರೇನ್ ಎಂಬ ಮುದುಕಿ ಇದನ್ನು ಪತ್ತೆ ಮಾಡಿ ಊರಿಗೆಲ್ಲ ಸಾರಿದಳು. ಅಲ್ಲಿಯವರು ಕೋಳಿಗೆ ಚೂಕ್ ಎನ್ನುತ್ತಾರೆ. ಅಂದಿನಿಂದ ಯಾದವರ ಹೆಸರೇ ಚೂಕ್ ಆಯಿತು. ಬಿಯರ್ ಲೋಟ ಹಿಡಿದ ದೊಡ್ಡ ಹೊಟ್ಟೆಯವರು ಕೂಡ ಆಟ ಶುರುವಾಗುವ ಮುಂಚೆ ಬಂದು, "ಚೂಕ್, ಇವತ್ತು ಕೆಂಪೋ ಬಿಳಿಯೋ?" ಎಂದು ಕೇಳುವಂತಾಯಿತು. ಯಾದವರು ಕಣ್ಣು ಮುಚ್ಚಿ, ಬೆರಳು ಎಣಿಸಿ, ಅಪ್ಪಣೆ ಕೊಡಿಸುವ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದರು. ಆಮೇಲಾಮೇಲೆ ಅರ್ಧಕ್ಕರ್ಧ ಸುಳ್ಳಾದರೂ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುತ್ತಿದ್ದವರು ಮೂರ್ತಿ ಒಬ್ಬರೇ. ಆ ಬೇಸರಕ್ಕಾಗಿಯೇ ಯಾದವರು ವಾರವಿಡೀ ಕಾಯುತ್ತಿದ್ದರು.

ಆಗಸ್ಟ್ ತಿಂಗಳಲ್ಲಿ ಪೆಲಿಕನ್ಸ್‌ನ ಒಂದು ಪಂದ್ಯವನ್ನು ಮೆಲ್ಬರ್ನ್‌ನಲ್ಲಿ ಇಟ್ಟರು. ಮೆಲ್ಬರ್ನ್‌ನವರಿಗೆ ಈ ಆಟದ ಹುಚ್ಚು ಅಷ್ಟಾಗಿ ಇಲ್ಲ. ಅವರ ಫುಟ್‌ಬಾಲೇ ಬೇರೆ. ಮೊಟ್ಟೆಯಾಕಾರದ ದೊಡ್ಡ ಮೈದಾನ, ನಾಲ್ಕು ಕಂಬ, ಕುಪ್ಪಳಿಸಿ ಚೆಂಡು ಹಿಡಿಯುವುದು. ಆ ಜನರಿಗೆ ರುಚಿ ಹತ್ತಿಸಲು ಏರ್ಪಡಿಸಿದ ಪಂದ್ಯ. "ನನ್ ಕಾರಲ್ಲೇ ಹೋಗೋಣ" ಎಂದು ಮೂರ್ತಿ ತಾವಾಗಿಯೇ ಹೇಳಿದಾಗ ಯಾದವರು ಮಗುವಿನಂತೆ ಖುಷಿಪಟ್ಟರು. ಪೆಟ್ರೋಲಿಗೆ ಹಿಂದೆಮುಂದೆ ನೋಡುವ ಮೂರ್ತಿ ಒಂಬತ್ತು ಗಂಟೆಯ ದಾರಿಗೆ ಕಾರು ತೆಗೆದದ್ದು ಏಕೆಂದು ಆಗಲೇ ಸಂಶಯ ಬರಬೇಕಾಗಿತ್ತು, ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊರಟರು. ಗೌಲ್‌ಬರ್ನ್ ದಾಟುವವರೆಗೆ ಡೂಲನ್‌ನ ಮೊಣಕಾಲು, ಗಂಡಗೈ ದಾಟುವವರೆಗೆ ಟ್ರಾವಿಸ್‌ನ ಎಡಗಾಲು. ಮೂರ್ತಿ ನಡುನಡುವೆ "ಒಂದ್ ವಿಷ್ಯ ಹೇಳ್ಬೇಕಿತ್ತು" ಎಂದು ಬಾಯಿ ತೆರೆದಾಗಲೆಲ್ಲ ಯಾದವರು "ತಡೀರಿ, ಮೊದ್ಲು ನಾನು ಹೇಳುದು ಕೇಳಿ" ಎಂದು ತಡೆಯುತ್ತಿದ್ದರು.

ಹೋಲ್‌ಬ್ರೂಕ್ ಎಂಬಲ್ಲಿ ಊಟಕ್ಕೆ ನಿಲ್ಲಿಸಿದರು. ಸಮುದ್ರದ ಸುಳಿವೇ ಇಲ್ಲದ ಆ ಊರಿನ ಮಧ್ಯದ ಹುಲ್ಲಿನಲ್ಲಿ ಒಂದು ಜಲಾಂತರ್ಗಾಮಿ ನಿಂತಿದೆ. ಅದರ ನೆರಳಿನಲ್ಲಿ ಪ್ರಫುಲ್ಲಾ ಅಕ್ಕಿಯಿಂದ ಉಂಡೆ ಕಟ್ಟಿ ಬೇಯಿಸಿ ಕೊಟ್ಟ ಪುಂಡಿಯ ಡಬ್ಬಿ ಬಿಚ್ಚಿದರು. ಅಲ್ಲಿ, ಬಾಯಲ್ಲಿ ಪುಂಡಿ ತುಂಬಿಕೊಂಡು ಯಾದವರು ಮಾತಾಡಲಾಗದ ಒಂದು ಗಳಿಗೆ ನೋಡಿ ಮೂರ್ತಿ ಹೇಳಿಬಿಟ್ಟರು.

"ನಂಗೆ ಮೆಲ್ಬರ್ನ್‌ನಲ್ಲಿ ಕೆಲಸ ಆಗಿದೆ. ಅಕ್ಟೋಬರ್‌ಗೆ ಶಿಫ್ಟ್ ಆಗ್ತಿದೀವಿ. ನಾಳೆ ಬೆಳಿಗ್ಗೆ ಒಂದ್ ಮನೆ ಇನ್‌ಸ್ಪೆಕ್ಷನ್ ಇದೆ, ರೆಂಟ್‌ಗೆ."

ಯಾದವರು ಪುಂಡಿ ನುಂಗಿದರು. ಡಬ್ಬಿಯ ಮುಚ್ಚಳ ಹಾಕಿದರು. ಆಲ್ಬರಿ ಬರುವವರೆಗೆ ಒಂದು ಮಾತಾಡಲಿಲ್ಲ. ಮೂರ್ತಿಗೆ ಭಯವೇ ಆಯಿತು. ಯಾದವರು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಅವರು ಕಂಡಿರಲಿಲ್ಲ.

ಯಾದವರ ಹೊಟ್ಟೆಯೊಳಗೆ ಏನಾಗುತ್ತಿತ್ತು ಎಂದು ಹೇಳುತ್ತೇನೆ. ಸಿಡ್ನಿಯಲ್ಲಿ ಅವರಿಗೆ ಪರಿಚಯದವರು ಬೇಕಾದಷ್ಟು. ತುಳು ಕೂಟದಲ್ಲಿ ಸಿಕ್ಕರೆ "ಸೌಖ್ಯವೇ?" ಎನ್ನುವವರು, ಮಾರ್ಟ್‌ಗೇಜ್ ಎಷ್ಟು ತೀರಿತು ಎಂದು ಕೇಳುವವರು, ಎಲ್ಲರೂ ಇದ್ದರು. ಆದರೆ ಅವರ ಮಾತಿಗೆ ಎದುರು ಮಾತಾಡಿ, ಬೈದು, ಬೈಸಿಕೊಂಡು, ಮುಂದಿನ ಶನಿವಾರ ಮತ್ತೆ ಬಂದು ಪಕ್ಕದಲ್ಲಿ ಕೂರುವವರು ಒಬ್ಬರೇ. ಐವತ್ತು ದಾಟಿದ ಮೇಲೆ ಅಂಥ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಸಂಕಟವಾಗಿತ್ತು ಅವರಿಗೆ. ಅದನ್ನು ಸಂಕಟವೆಂದು ಹೇಳಲು ಬಾರದೆ ಸಿಟ್ಟು ಮಾಡಿಕೊಂಡರು.

"ಮೆಲ್ಬರ್ನ್‌ನವರ ಆಟದಲ್ಲಿ ನಂಬರಿಗೆ ಬೆಲೆಯೇ ಇಲ್ಲ ಮಾರಾಯ್ರೆ," ಎಂದರು ಕೊನೆಗೆ. "ಏಳು ಹಾಕಿದವ ಎಲ್ಲಿ ಬೇಕಾದ್ರೂ ನಿಲ್ತಾನೆ. ಅಂಥ ಊರಲ್ಲಿ ಹೇಗೆ ಬದುಕುದು ನೀವು?"

"ಸಂಬಳ ಕೊಡ್ತಾರಲ್ರೀ, ಬದುಕ್ತೀನಿ."

"ಹಾಗಾದ್ರೆ ಒಂದು ಪಂಥ. ನಾಳೆ ಪಂಚಾಂಗ ಹೇಳಿದ ಹಾಗೆ ಆದ್ರೆ ನೀವು ಸಿಡ್ನಿ ಬಿಡ್ಬಾರ್ದು. ಆಗದಿದ್ರೆ ಹೋಗಿ, ನಾನು ತುಟಿ ಬಿಚ್ಚುದಿಲ್ಲ."

"ಸುಜಾತಾಗೆ ಏನಂತ ಹೇಳ್ಲಿ? ಕೋಳಿ ಬೇಡ ಅಂತು, ಕೆಲಸ ಬಿಟ್ಟೆ ಅಂತಾನಾ?" ಎಂದು ಮೂರ್ತಿ ನಕ್ಕರು. ಯಾದವರು ನಗಲಿಲ್ಲ. "ಆಯ್ತು ಬಿಡಿ, ಪಂಥ," ಎಂದರು ಮೂರ್ತಿ, ಅವರನ್ನು ಮಾತಾಡಿಸಿದರೆ ಸಾಕು ಎಂದು. "ನಾಳೆ ಯಾವ್ದು?"

ಯಾದವರು ಬೆರಳು ಎಣಿಸಿದರು. ನಕ್ಷತ್ರವನ್ನು ಹೊರಡುವ ಮುಂಚೆಯೇ ನೋಡಿಕೊಂಡಿದ್ದರು. ಲೆಕ್ಕ ಸ್ಪಷ್ಟವಾಗಿತ್ತು, ನಾಳೆ ಮಧ್ಯಾಹ್ನ ಬಿಳಿ, ಬಿಳಿಯಲ್ಲದೆ ಬೇರೇನೂ ಅಲ್ಲ. ಆದರೆ ನಾಳೆ ಇಳಿಯುವವನು ಡೂಲನ್ ಎಂದು ಕ್ಲಬ್ಬಿನವರು ಗುರುವಾರವೇ ಹೇಳಿದ್ದರು. ಟ್ರಾವಿಸ್ ಬರುವುದಾದರೆ ಕೊನೆಯ ಸ್ವಲ್ಪ ಹೊತ್ತಿಗೆ. ಪೆಲಿಕನ್ಸ್ ಗೆದ್ದರೂ ಆ ಗೆಲುವು ಕೆಂಪಿನ ಪಾಲಾಗುತ್ತದೆ.

"ಕೆಂಪು," ಎಂದರು ಯಾದವರು.

ದೊಡ್ಡಮಾವ ಹೇಳಿಕೊಟ್ಟ ಶಾಸ್ತ್ರದ ಮೇಲೆ ಅವರು ಸುಳ್ಳು ಹೇಳಿದ್ದು ಅದೇ ಮೊದಲು. ಕಾರಿನ ಕಿಟಕಿಯ ಕಡೆ ತಿರುಗಿ, ಗಲ್ಲ ಗಲ್ಲ ಬಡಿದುಕೊಂಡರು.

ಮರುದಿನ ಬೆಳಿಗ್ಗೆ ಮನೆ ನೋಡಲು ಹೋದರು. ಯಾದವರು ಇದ್ದಬದ್ದ ಕೊಂಕು ತೆಗೆದರು. ಅಡಿಗೆಮನೆ ಕತ್ತಲೆ, ನಲ್ಲಿಯಲ್ಲಿ ನೀರಿನ ರಭಸವಿಲ್ಲ, ಬಚ್ಚಲಿನ ಬಾಗಿಲು ಸಮ ಇಲ್ಲ, ಎದುರು ಮನೆಯ ನಾಯಿಯ ಮುಖವೇ ಸರಿಯಿಲ್ಲ. ಮನೆ ತೋರಿಸಲು ಬಂದ ಏಜೆಂಟ್ ಹುಡುಗಿ ಇವರೇ ಬಾಡಿಗೆಗೆ ಬರುವವರ ಅಪ್ಪ ಇರಬೇಕೆಂದುಕೊಂಡು ಯಾದವರಿಗೆ ಹೆಚ್ಚಿನ ಮರ್ಯಾದೆ ಕೊಟ್ಟಳು.

ಮಧ್ಯಾಹ್ನ ಮೈದಾನಕ್ಕೆ ಬಂದಾಗ ಸಣ್ಣ ಮಳೆ ಹನಿಯುತ್ತಿತ್ತು. ಅಭಿಮಾನಿಗಳ ಬಸ್ಸಿನಲ್ಲಿ ಬಂದಿದ್ದ ಲೊರೇನ್ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕೋಟು ಹೊದ್ದು ಹೆಣೆಯುತ್ತಿದ್ದಳು. ಡೂಲನ್ ಆಟ ಶುರುಮಾಡಿದ. ಕೆಂಪು ತಲೆ ಚೆನ್ನಾಗಿಯೇ ಆಡುತ್ತಿತ್ತು, ಪೆಲಿಕನ್ಸ್ ಮುಂದಿದ್ದರು. ಯಾದವರು ಮೂರ್ತಿಯ ತೊಡೆ ಗುದ್ದಿ ಗುದ್ದಿ ನೀಲಿ ಮಾಡಿದರು. ಆಟ ಮುಗಿಯಲು ಕಾಲು ಗಂಟೆಯಿರುವಾಗ ಡೂಲನ್‌ನ ಮೊಣಕಾಲು ಕೈಕೊಟ್ಟಿತು. ಬದಲಿಗೆ ಟ್ರಾವಿಸ್ ಎದ್ದ. ಇವರು ಕೂತಿದ್ದ ಬೇಲಿಯ ಪಕ್ಕಕ್ಕೇ ಬಂದು ನಿಂತು, ಟೋಪಿ ತೆಗೆದು, ತಲೆ ಬಗ್ಗಿಸಿ ಬೂಟಿನ ಲೇಸು ಬಿಗಿದುಕೊಂಡ.

ಯಾದವರು ಎದ್ದು ನಿಂತರು. ಆ ತಲೆಯನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಬೆಳ್ಳನೆಯ ಕೂದಲಿನ ಬುಡದಲ್ಲಿ ಬೈತಲೆಯ ಉದ್ದಕ್ಕೂ ಕೆಂಪು, ಡೂಲನ್‌ನದಕ್ಕಿಂತ ಗಾಢವಾದ ಕೆಂಪು.

"ಮೂರ್ತಿಯವರೇ! ಇವನೂ ಕೆಂಪು! ಬಣ್ಣ ಹಾಕಿದ್ದು ಮಾರಾಯ್ರೆ, ಬಣ್ಣ!"

ಲೊರೇನ್ ಸೂಜಿ ನಿಲ್ಲಿಸದೆ ಹೇಳಿದಳು, "ಮತ್ತೇನು? ಹುಟ್ಟಿದಾಗಿನಿಂದ ಕ್ಯಾರೆಟ್ಟಿನ ಹಾಗಿದ್ದ ಹುಡುಗ. ಅವನಮ್ಮನಿಗೆ ಬ್ಲೀಚು ತಂದು ತಂದು ಸಾಕಾಗಿದೆ. ನಿನಗೆ ಗೊತ್ತಿರಲಿಲ್ಲವೇ, ಚೂಕ್?"

ಕೋಳಿ ಅಂಕದಲ್ಲಿ ಹುಂಜಕ್ಕೆ ಬಣ್ಣ ಬಳಿದು ತಂದವನನ್ನು ಊರಿಗೆ ಊರೇ ಸೇರಿ ಅಟ್ಟಿಸಿಕೊಂಡು ಹೋಗುತ್ತದೆ. ಇಲ್ಲಿ ಯಾರನ್ನು ಅಟ್ಟುವುದು? ಇಡೀ ಸೀಸನ್ ಕೆಂಪಿಗೂ ಕೆಂಪಿಗೂ ಜಗಳ ಹಚ್ಚಿ, ನಕ್ಷತ್ರ ನೋಡಿ ತೀರ್ಪು ಕೊಟ್ಟಿದ್ದ ಯಾದವರು ಬೇಲಿ ಹಿಡಿದುಕೊಂಡು ನಿಂತರು. ಮರುಕ್ಷಣ ಅವರ ಮುಖ ಅರಳಿತು. ಇಬ್ಬರೂ ಕೆಂಪಾದರೆ ಯಾರು ಗೆಲ್ಲಿಸಿದರೂ ಗೆಲುವು ಕೆಂಪಿನದೇ! ಪಂಥ ಕೈಗೆ ಬಂದ ಹಾಗೆಯೇ! "ನೀವು ಎಲ್ಲಿಗೂ ಹೋಗುದಿಲ್ಲ," ಎಂದು ಮೂರ್ತಿಯ ಭುಜ ಹಿಡಿದು ಅಲ್ಲಾಡಿಸಿದರು.

ಆ ಕಾಲು ಗಂಟೆಯಲ್ಲಿ ಎದುರು ತಂಡ ಎರಡು ಸಲ ಗೆರೆ ದಾಟಿ ಬಂದು ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸಿತು. ಎರಡೂ ಸಲ ಚೆಂಡು ತಂದವನು ಅವರ ಏಳನೇ ನಂಬರಿನವನು. ಪೆಲಿಕನ್ಸ್ ಸೋತರು.

ಜನ ಎದ್ದು ಹೋಗುತ್ತಿದ್ದರೂ ಇಬ್ಬರೂ ಒದ್ದೆ ಬೆಂಚಿನ ಮೇಲೆ ಕೂತೇ ಇದ್ದರು. ಮೂರ್ತಿ ಎದುರು ತಂಡದ ಕಡೆ ಕೈ ತೋರಿಸಿದರು. ಅವರ ಏಳನೇ ನಂಬರಿನವನನ್ನು ಗೆಳೆಯರು ಹೆಗಲ ಮೇಲೆ ಎತ್ತಿಕೊಂಡಿದ್ದರು. ತಲೆ, ಹುಬ್ಬು, ಗಡ್ಡ ಎಲ್ಲವೂ ಮೆಕ್ಕೆಜೋಳದ ತೆನೆಯ ಎಳೆಯಂತೆ ಬಿಳಿ. ಹುಟ್ಟಾ ಬಿಳಿ.

"ಅಲ್ರೀ ಯಾದವ್," ಎಂದರು ಮೂರ್ತಿ ಮೆಲ್ಲಗೆ, "ಕೋಳಿ ಜಗಳ ಅಂದ್ಮೇಲೆ ಎದುರಿನ ಹುಂಜ ನೋಡ್ಬೇಡ್ವಾ? ಇಡೀ ವರ್ಷ ನಮ್ಮ ಮನೆ ಹುಂಜಗಳನ್ನೇ ಒಂದಕ್ಕೊಂದು ಕಾದಾಡಿಸಿದ್ರಲ್ಲಾ."

ಯಾದವರು ಹಣೆ ಚಚ್ಚಿಕೊಂಡರು. ದೊಡ್ಡಮಾವ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು. ಯಾದವರು ತಗ್ಗಿದ ದನಿಯಲ್ಲಿ ಹೇಳಿದರು, "ನಿಮಗೊಂದು ಹೇಳುದುಂಟು. ಇವತ್ತು ಪಂಚಾಂಗದಲ್ಲಿ ಇದ್ದದ್ದು ಬಿಳಿಯೇ. ಕೆಂಪು ಅಂತ ನಾನು ಸುಳ್ಳು ಹೇಳಿದ್ದು. ನೀವು ಹೋಗ್ಬಾರ್ದು ಅಂತ."

ಮೂರ್ತಿ ಕನ್ನಡಕ ತೆಗೆದು ಒರೆಸಿದರು. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು.

"ನಾನೂ ಒಂದ್ ಹೇಳ್ತೀನಿ. ಬೇಜಾರ್ ಮಾಡ್ಕೋಬೇಡಿ. ನನ್ ಫಿಗರ್ಸ್ ಇದೆಯಲ್ಲ, ಅದ್ರ ಪ್ರಕಾರ ಡೂಲನ್ನೂ ಟ್ರಾವಿಸ್ಸೂ ಒಂದೇ. ಕೂದಲೆಳೆ ವ್ಯತ್ಯಾಸ ಇಲ್ಲ. ನೀವು ಬಿಳಿ ಅಂದ ದಿನ ನಾನು ಡೂಲನ್ ಚೆನ್ನಾಗಿ ಕಾಣೋ ಕಾಲಮ್ ಪ್ರಿಂಟ್ ತೆಗೀತಿದ್ದೆ. ಕೆಂಪು ಅಂದ್ರೆ ಇನ್ನೊಂದು."

"ಯಾಕೆ ಹಾಗೆ?"

"ಹೌದು ಅಂದ್ಬಿಟ್ಟಿದ್ರೆ ನೀವು ಫೋನ್ ಇಟ್ಬಿಡ್ತಿದ್ರಿ. ಶನಿವಾರ ಪೂರ್ತಿ ನಾನೇನ್ ಮಾಡ್ಲಿ?"

ಯಾದವರಿಗೆ ಆ ಮಾತು ಎದೆಗೆ ಬಂದು ತಾಗಿತು. ಮೂರ್ತಿಯ ಬೆನ್ನಿಗೆ ಗಟ್ಟಿಯಾಗಿ ಒಂದು ಗುದ್ದಿದರು. ವಾಪಸು ಬರುವಾಗ ಹೋಲ್‌ಬ್ರೂಕ್‌ನಲ್ಲಿ ಕಾರು ನಿಲ್ಲಿಸಿದಾಗ, ಆ ಮನೆಯ ನಲ್ಲಿ ರಿಪೇರಿ ಮಾಡಿಸದೆ ಸಹಿ ಹಾಕಬೇಡಿ ಎಂದು ಅವರೇ ನೆನಪು ಮಾಡಿದರು.

ಅಕ್ಟೋಬರಿನಲ್ಲಿ ಮೂರ್ತಿ, ಸುಜಾತಾ ಸಾಮಾನು ಕಟ್ಟಿ ಹೊರಟರು. ಪ್ರಫುಲ್ಲಾ ದಾರಿಗೆ ಗೋಳಿಬಜೆ ಕಟ್ಟಿಕೊಟ್ಟರು. ಯಾದವರು ಲಾರಿಗೆ ಪೆಟ್ಟಿಗೆ ಹೊರುವಾಗ ಇಡೀ ಹೊತ್ತು ಲಾರಿಯವನನ್ನು ಬೈಯುತ್ತಿದ್ದರು. ಬೇಸಿಗೆ ಕಳೆಯುವವರೆಗೆ ಶನಿವಾರಗಳಲ್ಲಿ ಹುಲ್ಲು ಕತ್ತರಿಸಿದರು, ಗ್ಯಾರೇಜ್ ಗುಡಿಸಿದರು. ಮೊದಲೇ ಗುಡಿಸಿದ್ದನ್ನು ಮತ್ತೆ ಗುಡಿಸಿದರು. ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಪ್ರಫುಲ್ಲಾಗೆ ಈ ಮೌನ ಕೂಗಾಟಕ್ಕಿಂತ ಕಷ್ಟವಾಯಿತು.

ಮಾರ್ಚಿನಲ್ಲಿ ಹೊಸ ಸೀಸನ್ನು ಶುರುವಾಯಿತು. ಡೂಲನ್ ಮೊಣಕಾಲಿಗೆ ಮೂರನೇ ಆಪರೇಷನ್ ಮಾಡಿಸಿಕೊಂಡು ಮತ್ತೆ ಬಂದಿದ್ದ. ಮೂರನೇ ಮೆಟ್ಟಿಲಿನಲ್ಲಿ ಯಾದವರು ತಮ್ಮ ಕೊಡೆಯನ್ನು ಪಕ್ಕದ ಜಾಗದಲ್ಲಿ ಉದ್ದಕ್ಕೆ ಮಲಗಿಸಿ ಕೂತರು. ಲೊರೇನ್ ಕೊಡೆಯನ್ನು ನೋಡಿದಳು, ಹೆಣಿಗೆ ಮುಂದುವರಿಸಿದಳು. ಆಟಗಾರರು ಅಭ್ಯಾಸಕ್ಕೆ ಹೊರಗೆ ಬಂದರು. ಮೊದಲು ಡೂಲನ್, ಹಿಂದೆ ಟ್ರಾವಿಸ್. ಟ್ರಾವಿಸ್ ತಲೆಯನ್ನು ನುಣ್ಣಗೆ ಬೋಳಿಸಿಕೊಂಡಿದ್ದ.

ಯಾದವರು ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಒತ್ತಿದರು. ಮೆಲ್ಬರ್ನ್‌ನಲ್ಲಿ ಒಂದೇ ರಿಂಗಿಗೆ ಎತ್ತಿದರು.

"ಮೂರ್ತಿಯವರೇ, ಟ್ರಾವಿಸ್ ಮಂಡೆ ಬೋಳಿಸಿದ್ದಾನೆ. ಪಂಚಾಂಗದಲ್ಲಿ ಬೋಳು ಹುಂಜ ಇಲ್ಲ. ನೀವೇ ಹೇಳಿ ಮಾರಾಯ್ರೆ, ಇವತ್ತು ಯಾರನ್ನು ಇಳಿಸ್ಬೇಕು?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಮೊದ್ಲು ನೀವ್ ಹೇಳ್ರೀ," ಎಂದರು ಮೂರ್ತಿ. "ಆಮೇಲೆ ನಾನು ಹೇಳ್ತೀನಿ."